ಮೂರು ಟೂಲ್, ಮೂರು ಲೆಕ್ಕ: ಬ್ಯಾಕ್‌ಲಿಂಕ್ ಅಂಕಿಗಳಲ್ಲಿ ಯಾವುದನ್ನು ನಂಬೋದು?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. 2013ರಿಂದ ಬ್ಲಾಗ್‌ಸ್ಪಾಟ್‌ನಲ್ಲಿ ಮಲೆನಾಡಿನ ಬಗ್ಗೆ ಕನ್ನಡದಲ್ಲಿ ಬರೆಯುತ್ತಿದ್ದೆ. 2018ರಲ್ಲಿ ಅದಕ್ಕೇ ಸ್ವಂತ ಡೊಮೈನ್ ಜೋಡಿಸಿಕೊಂಡೆ. ಈಗ ನಮಗೆ ಎಷ್ಟು ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟಿನವರು ನಮ್ಮ ಸೈಟಿಗೆ ಕೊಟ್ಟ ಲಿಂಕ್, ಇವೆ ಅಂತ ನೋಡಿದರೆ ಒಂದು ಟೂಲ್ 4,200 ಅನ್ನುತ್ತದೆ, ಇನ್ನೊಂದು 1,150, ಗೂಗಲ್ ತಾನೇ ಸೈಟಿನವರಿಗೆ ಕೊಡುವ ಸರ್ಚ್ ಕನ್ಸೋಲ್ 640. ಒಂದು ಏಜೆನ್ಸಿಯವರು ಬಂದು, "ನಿಮ್ಮ ಡಿಆರ್ (ಡೊಮೈನ್ ರೇಟಿಂಗ್, ಲಿಂಕ್‌ಗಳ ಬಲದ ಅಂಕಿ) 12, ಪಕ್ಕದ ಎಸ್ಟೇಟಿನವರದ್ದು 38. ಇನ್ನೂರು ಲಿಂಕ್ ಹಾಕಿಸಿಕೊಡುತ್ತೇವೆ" ಅನ್ನುತ್ತಿದ್ದಾರೆ. ಯಾವ ಲೆಕ್ಕ ನಂಬಬೇಕು? ಇವರಿಗೆ ದುಡ್ಡು ಕೊಡಬೇಕಾ? ಎಕ್ಸ್‌ಪೋರ್ಟ್ ಫೈಲ್‌ಗಳನ್ನು ಜೊತೆಗೆ ಕಳಿಸಿದ್ದೇನೆ.

ಉತ್ತರ: ಎರಡನೇ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬೇಡ, ಕೊಡಬೇಡಿ. ಯಾಕೆ ಅನ್ನೋದು ಕೊನೆಗೆ ಬರುತ್ತದೆ. ನಿಮ್ಮ ಮೊದಲನೇ ಪ್ರಶ್ನೆಯೇ ಜಾಸ್ತಿ ಸ್ವಾರಸ್ಯದ್ದು.

ಮೂರು ಲೆಕ್ಕವೂ ನಿಜವೇ ಇರಬಹುದು. ಯಾಕೆಂದರೆ ಅವು ನಿಮ್ಮ ಸೈಟಿನ ಲೆಕ್ಕ ಅಲ್ಲ. ಆಯಾ ಟೂಲಿನ ಬಾಟ್, ಅಂದರೆ ಪುಟದಿಂದ ಪುಟಕ್ಕೆ ಹೋಗಿ ಓದುವ ಪ್ರೋಗ್ರಾಂ, ಎಲ್ಲೆಲ್ಲಿ ತಿರುಗಾಡಿತು, ಯಾವಾಗ ತಿರುಗಾಡಿತು, ಕಂಡದ್ದನ್ನು ಹೇಗೆ ಎಣಿಸಿತು ಅನ್ನೋದರ ಲೆಕ್ಕ. ಇಡೀ ವೆಬ್ ಯಾರ ಹತ್ತಿರವೂ ಇಲ್ಲ, ಗೂಗಲ್ ಹತ್ತಿರವೂ ಇಲ್ಲ. ಅಹ್ರೆಫ್ಸ್, ಮೆಜೆಸ್ಟಿಕ್, ಮೋಜ್, ಸೆಮ್‌ರಷ್, ಲಿಂಕ್ ಎಣಿಸುವ ಈ ಟೂಲ್‌ಗಳಲ್ಲಿ ಒಂದೊಂದಕ್ಕೂ ತನ್ನದೇ ಬಾಟ್ ಇದೆ. ಒಂದೇ ಸಂತೆಗೆ ಒಬ್ಬ ಬೆಳಗ್ಗೆ ಹೋದ, ಇನ್ನೊಬ್ಬ ಮಳೆ ಬಂದ ಮೇಲೆ ಹೋದ. ಎಷ್ಟು ಅಂಗಡಿ ಇದ್ದವು ಅಂತ ಕೇಳಿದರೆ ಇಬ್ಬರೂ ಒಂದೇ ಉತ್ತರ ಹೇಳೋದಿಲ್ಲ, ಅಲ್ವಾ?

ಈಗ 4,200 ಎಲ್ಲಿಂದ ಬಂತು ನೋಡೋಣ. ನೀವು ಕಳಿಸಿದ ಫೈಲನ್ನು ಡೊಮೈನ್ ಪ್ರಕಾರ ಜೋಡಿಸಿದೆ. ಅದರಲ್ಲಿ 2,900 ಸಾಲು ಒಂದೇ ಬ್ಲಾಗಿನವು. ನಿಮ್ಮ ಗೆಳೆಯರದ್ದೇ ಇರಬೇಕು. ಬ್ಲಾಗಿನ ಪಕ್ಕದಲ್ಲಿ ತಾವು ಓದುವ ತಾಣಗಳ ಪಟ್ಟಿ ಹಾಕಿ, ಅದರಲ್ಲಿ ನಿಮ್ಮದನ್ನೂ ಸೇರಿಸಿದ್ದಾರೆ. ಆ ಪಟ್ಟಿ ಪ್ರತಿ ಪುಟದಲ್ಲೂ ಕಾಣುತ್ತದೆ. ಬರಹದ ಪುಟ ಒಂದು, ತಿಂಗಳ ಆರ್ಕೈವ್ ಒಂದು, ಲೇಬಲ್ ಪುಟ ಒಂದು. ಮೊಬೈಲ್‌ನಲ್ಲಿ ತೆರೆದಾಗ ವಿಳಾಸದ ಕೊನೆಗೆ ಅಂಟಿಕೊಳ್ಳುವ 'ಎಂ ಸಮ 1' ಅನ್ನೋ ಬಾಲದ ಪುಟ ಇನ್ನೊಂದು. ಬಾಟ್ ಎಲ್ಲವನ್ನೂ ಬೇರೆ ಬೇರೆ ಅಂತ ಎಣಿಸಿದೆ. ನಿಮ್ಮನ್ನು ಮೆಚ್ಚಿದ ಮನುಷ್ಯ ಒಬ್ಬರೇ, ಲೆಕ್ಕದಲ್ಲಿ 2,900.

ಹಾಗಾಗಿ ಎಷ್ಟು ಲಿಂಕ್ ಅಂತ ನೋಡಬೇಡಿ, ಎಷ್ಟು ಡೊಮೈನ್‌ಗಳಿಂದ ಬಂದಿವೆ ಅಂತ ನೋಡಿ. ಇದರಲ್ಲೂ ಒಂದು ತೊಡಕಿದೆ. ಸರ್ಚ್ ಕನ್ಸೋಲ್ ಲಿಂಕ್ ಕೊಟ್ಟ ಸೈಟುಗಳನ್ನು ಮೂಲ ಡೊಮೈನಿನ ಹೆಸರಲ್ಲಿ ಗುಂಪು ಮಾಡುತ್ತದೆ. ಹತ್ತು ಬೇರೆ ಬೇರೆ ಬ್ಲಾಗಿಗರು ನಿಮಗೆ ಲಿಂಕ್ ಕೊಟ್ಟಿದ್ದರೂ ಅಲ್ಲಿ ಬ್ಲಾಗ್‌ಸ್ಪಾಟ್ ಅಂತ ಒಂದೇ ಸಾಲು. ಕೆಲವು ಟೂಲ್‌ಗಳು ಅದೇ ಹತ್ತನ್ನು ಹತ್ತು ಅಂತಲೇ ಎಣಿಸುತ್ತವೆ. ಕನ್ನಡದ ಬ್ಲಾಗುಗಳು ಹೆಚ್ಚಾಗಿ ಬ್ಲಾಗ್‌ಸ್ಪಾಟ್ ಮತ್ತು ವರ್ಡ್‌ಪ್ರೆಸ್‌ನ ಉಚಿತ ವಿಳಾಸಗಳಲ್ಲೇ ಬೆಳೆದವು. ಅದಕ್ಕೇ ನಮ್ಮ ಸೈಟುಗಳಲ್ಲಿ ಈ ವ್ಯತ್ಯಾಸ ದೊಡ್ಡದಾಗಿ ಕಾಣುತ್ತದೆ. ಇನ್ನೊಂದು ವಿಷಯ. ಸರ್ಚ್ ಕನ್ಸೋಲ್ ತೋರಿಸೋದು ಮಾದರಿ ಮಾತ್ರ, ಪೂರ್ತಿ ಪಟ್ಟಿ ಅಲ್ಲ. ಅದನ್ನು ಗೂಗಲ್ ತಾನೇ ಹೇಳುತ್ತದೆ. ನೋಫಾಲೋ ಲಿಂಕೂ, ಅಂದರೆ 'ಇದನ್ನು ಶಿಫಾರಸು ಅಂತ ಎಣಿಸಬೇಡಿ' ಅಂತ ಗುರುತು ಹಾಕಿದವೂ, ಅದರಲ್ಲಿ ಸೇರಿರುತ್ತವೆ. ಅಲ್ಲಿ ಕಂಡ ಮಾತ್ರಕ್ಕೆ ಗೂಗಲ್ ಆ ಲಿಂಕಿಗೆ ಬೆಲೆ ಕೊಟ್ಟಿದೆ ಅಂತಲ್ಲ, ನೋಡಿದೆ ಅಂತ ಅಷ್ಟೇ.

ಇನ್ನು ಸತ್ತ ಲಿಂಕ್‌ಗಳು. ನಿಮ್ಮ ಕಥೆಯಲ್ಲಿ ಇವೇ ಮುಖ್ಯ.

2012ರಲ್ಲಿ ಗೂಗಲ್, ಬ್ಲಾಗ್‌ಸ್ಪಾಟ್ ಓದುಗರನ್ನು ಅವರವರ ದೇಶದ ವಿಳಾಸಕ್ಕೆ ಕಳಿಸಲು ಶುರು ಮಾಡಿತು. ಭಾರತದಲ್ಲಿ ಕೂತು ಡಾಟ್ ಕಾಮ್ ಬ್ಲಾಗ್ ತೆರೆದರೆ ಅದು ಡಾಟ್ ಇನ್ ಆಗಿ ತೆರೆದುಕೊಳ್ಳುತ್ತಿತ್ತು. ಜನ ಅಡ್ರೆಸ್ ಬಾರ್‌ನಲ್ಲಿ ಕಂಡದ್ದನ್ನೇ ಕಾಪಿ ಮಾಡಿ ಲಿಂಕ್ ಕೊಟ್ಟರು. 2018ರಲ್ಲಿ ಆ ಪದ್ಧತಿ ನಿಂತಿತು. 2020ರಲ್ಲಿ ಬ್ಲಾಗ್‌ಸ್ಪಾಟ್ ಡಾಟ್ ಇನ್ ಅನ್ನೋ ಡೊಮೈನೇ ಗೂಗಲ್ ಕೈತಪ್ಪಿ ಹೋಯಿತು. ಆ ಐದಾರು ವರ್ಷದಲ್ಲಿ ನಿಮ್ಮ ಬರಹಕ್ಕೆ ಪ್ರೀತಿಯಿಂದ ಕೊಟ್ಟ ಎಷ್ಟೋ ಲಿಂಕ್‌ಗಳು ಈಗ ನಿಮ್ಮ ಮನೆಗೆ ಬರೋದೇ ಇಲ್ಲ. ಡಾಟ್ ಕಾಮ್‌ಗೆ ಕೊಟ್ಟವು ಮಾತ್ರ ರೀಡೈರೆಕ್ಟ್ ಆಗಿ ನಿಮ್ಮ ಹೊಸ ಡೊಮೈನ್‌ಗೆ ಬರುತ್ತಿವೆ. ರೀಡೈರೆಕ್ಟ್ ಮೂಲಕ ಬಂದದ್ದನ್ನು ಒಂದು ಟೂಲ್ ನಿಮ್ಮ ಖಾತೆಗೆ ಹಾಕುತ್ತದೆ, ಇನ್ನೊಂದು ಹಾಕೋದಿಲ್ಲ. ಉಳಿದ ವ್ಯತ್ಯಾಸದಲ್ಲಿ ಒಂದು ಪಾಲು ಇದರದ್ದು.

ಲಿಂಕ್ ಸಾಯೋದು ನಿಮ್ಮೊಬ್ಬರ ಸಮಸ್ಯೆ ಅಲ್ಲ. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಿರಲಿಲ್ಲ. ಆದರೆ ಟೂಲ್‌ಗಳ ಹಳೆಯ ದಾಸ್ತಾನಿನಲ್ಲಿ ಅಂಥ ಪುಟಗಳೂ ಕೂತಿರುತ್ತವೆ. ಮೆಜೆಸ್ಟಿಕ್ ಇದನ್ನು ಬಿಡಿಸಿಯೇ ಇಟ್ಟಿದೆ: ಇತ್ತೀಚೆಗೆ ಕಂಡವಕ್ಕೆ ಫ್ರೆಶ್ ಇಂಡೆಕ್ಸ್, ವರ್ಷಗಟ್ಟಲೆ ಸೇರಿಸಿಟ್ಟದ್ದಕ್ಕೆ ಹಿಸ್ಟಾರಿಕ್ ಇಂಡೆಕ್ಸ್. ದೊಡ್ಡ ಅಂಕಿ ತೋರಿಸಿ ಬೆರಗುಗೊಳಿಸಬೇಕು ಅನ್ನುವವರು ಎರಡನೆಯದನ್ನು ತೋರಿಸುತ್ತಾರೆ. ಯಾವ ಟೂಲಿನಲ್ಲೇ ಆಗಲಿ, ನೀವು ನೋಡುತ್ತಿರೋದು ಲೈವ್ ಲಿಂಕೋ ಕಳೆದುಹೋದವೂ ಸೇರಿವೆಯೋ ಅಂತ ಫಿಲ್ಟರ್‌ನಲ್ಲಿ ಮೊದಲು ನೋಡಿ.

ಹೊರಗಿನ ಎಸ್‌ಇಒ (ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ) ಪಾಠಗಳಲ್ಲಿ ಸಾಮಾನ್ಯವಾಗಿ ಸಿಗದ, ಕನ್ನಡದಂಥ ಲಿಪಿಯವರನ್ನು ಕಾಡುವ ಒಂದು ರಗಳೆ ಇದೆ. ವಿಳಾಸದಲ್ಲಿ ಕನ್ನಡ ಅಕ್ಷರ ಇದ್ದರೆ ಯಂತ್ರ ಅದನ್ನು ಬೇರೆ ರೂಪದಲ್ಲಿ ಬರೆಯುತ್ತದೆ. ಒಂದು 'ಕ'ಕ್ಕೆ ಮೂರು ಬೈಟ್. ಒಂದೊಂದು ಬೈಟಿಗೆ ಒಂದು ಶೇಕಡಾ ಚಿಹ್ನೆ, ಎರಡು ಅಂಕೆ ಅಥವಾ ಇಂಗ್ಲಿಷ್ ಅಕ್ಷರ. ಅಂದರೆ ಒಂದು 'ಕ' ಒಂಬತ್ತು ಗುರುತಾಗಿ ಉದ್ದವಾಗುತ್ತದೆ. ಕೆಲವರ ಫೈಲಿನಲ್ಲಿ ವಿಳಾಸ ಕನ್ನಡದಲ್ಲೇ ಇರುತ್ತದೆ, ಕೆಲವರದ್ದರಲ್ಲಿ ಈ ಶೇಕಡಾ ರೂಪದಲ್ಲಿ. ಎರಡೂ ಪಟ್ಟಿ ಸೇರಿಸಿ ಡೂಪ್ಲಿಕೇಟ್ ತೆಗೆದರೆ ಒಂದೇ ಪುಟ ಎರಡಾಗಿ ಉಳಿಯುತ್ತದೆ. ಅದಕ್ಕಿಂತ ಹಾಳು 'ಕೊಡಗು' ಥರದ ಪದಗಳದ್ದು. 'ಕೊ'ದ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಎರಡು ಗುರುತು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ.

ಲಿಂಕ್‌ನ ಮೇಲಿರುವ ಪದಗಳಲ್ಲಿ, ಅಂದರೆ ಆಂಕರ್ ಟೆಕ್ಸ್ಟ್‌ನಲ್ಲಿ, ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನಿಮ್ಮ ಫೈಲನ್ನೇ ನೋಡಿ. 'ಹೋಮ್‌ಸ್ಟೇ' ಅಂತ ಒಬ್ಬರು ಬರೆದಿದ್ದಾರೆ, 'ಹೋಮ್ ಸ್ಟೇ' ಅಂತ ಬಿಡಿಸಿ ಇನ್ನೊಬ್ಬರು, 'ಹೋಂಸ್ಟೇ' ಅಂತ ಮತ್ತೊಬ್ಬರು, ಒತ್ತು ಬಿದ್ದು 'ಹೋಮ್ಸ್ಟೇ' ಆಗಿರೋದು ನಾಲ್ಕನೆಯದು. ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣದ ಒಂದು ಗುರುತು, 'ಮ್' ಮತ್ತು 'ಸ್ಟೇ' ಅಂಟಿಕೊಳ್ಳದ ಹಾಗೆ ತಡೆಯೋದು. ಟೂಲ್ ಇವನ್ನು ನಾಲ್ಕು ಬೇರೆ ಪದ ಅಂತ ಎಣಿಸಿ, "ಆಂಕರ್ ವೈವಿಧ್ಯ ಚೆನ್ನಾಗಿದೆ" ಅಂತ ಹಸಿರು ಬಣ್ಣ ಹಚ್ಚಿದೆ. ವೈವಿಧ್ಯ ಏನೂ ಇಲ್ಲ, ನಾಲ್ವರ ಕೀಬೋರ್ಡ್ ಬೇರೆ ಬೇರೆ, ಅಷ್ಟೇ.

ಹಾಗಾದರೆ ಯಾವ ಟೂಲ್ ನಿಮ್ಮ ಕೆಲಸಕ್ಕೆ ಆಗುತ್ತದೆ ಅಂತ ತಿಳಿಯೋದು ಹೇಗೆ? ಜಾಹೀರಾತಿನಲ್ಲಿ ಎಲ್ಲರದ್ದೂ ಲಕ್ಷ ಕೋಟಿಗಳ ಲೆಕ್ಕವೇ. ಅದು ನಿಮಗೆ ಬೇಕಿಲ್ಲ. ಇಂಗ್ಲಿಷ್ ವೆಬ್ಬನ್ನು ಚೆನ್ನಾಗಿ ಜಾಲಾಡುವ ಬಾಟ್, ಕನ್ನಡದ ಒಂದು ಸಣ್ಣ ಬ್ಲಾಗಿಗೆ ವರ್ಷಕ್ಕೊಮ್ಮೆ ಇಣುಕಿದರೆ ಅದರಿಂದ ನಿಮಗೇನು ಬಂತು? ನಾನು ಮಾಡುವ ಪರೀಕ್ಷೆ ಒಂದು ಸಂಜೆಯ ಕೆಲಸ.

ಒಂದು ಹಾಳೆಯಲ್ಲಿ, ನಿಮಗೆ ಗ್ಯಾರಂಟಿ ಗೊತ್ತಿರುವ 20 ಲಿಂಕ್ ಬರೆಯಿರಿ. ಟೂಲ್ ನೋಡದೆ ಬರೆಯಬೇಕು. ನಿಮ್ಮ ಬಗ್ಗೆ ಬರೆದ ಪತ್ರಿಕೆಯ ವೆಬ್‌ಸೈಟ್, ಬಂದು ಉಳಿದು ಹೋದವರ ಪ್ರವಾಸ ಬ್ಲಾಗ್, ನಿಮ್ಮ ಲೇಖನವನ್ನು ಉಲ್ಲೇಖಿಸಿದ ಕನ್ನಡ ವಿಕಿಪೀಡಿಯ ಪುಟ, ಹೀಗೆ. ಹಳೆಯದು, ಹೊಸದು, ದೊಡ್ಡದು, ಸಣ್ಣದು ಎಲ್ಲ ಇರಲಿ. ಒಂದೊಂದನ್ನೂ ತೆರೆದು, ಲಿಂಕ್ ಈಗಲೂ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಪ್ರತಿ ಟೂಲಿನ ಪಟ್ಟಿಯಲ್ಲಿ ಇವುಗಳಲ್ಲಿ ಎಷ್ಟು ಸಿಗುತ್ತವೆ ನೋಡಿ. 20ರಲ್ಲಿ 15 ಸಿಕ್ಕರೆ ಅದು ನಿಮ್ಮ ಲೋಕವನ್ನು ಬಲ್ಲ ಟೂಲ್. ಆರು ಸಿಕ್ಕರೆ ಅದರ ಒಟ್ಟು ಅಂಕಿ 4,200 ಆದರೇನು, 42,000 ಆದರೇನು?

ಸಿಗದೇ ಹೋದವು ಯಾಕೆ ಸಿಗಲಿಲ್ಲ ಅಂತಲೂ ನೋಡಿ. ಆ ಸೈಟಿನ ರೋಬಾಟ್ಸ್ ಫೈಲ್, ಅಂದರೆ ಯಾವ ಬಾಟ್ ಬರಬಹುದು ಅಂತ ಬರೆದಿಟ್ಟ ಫೈಲ್, ತೆರೆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಅಗ್ಗದ ಹೋಸ್ಟಿಂಗ್‌ನಲ್ಲಿರುವ ಎಷ್ಟೋ ಸಣ್ಣ ಪತ್ರಿಕೆಗಳು, ಭಾರ ಜಾಸ್ತಿ ಆಗುತ್ತದೆ ಅಂತ ಎಸ್‌ಇಒ ಬಾಟ್‌ಗಳನ್ನೆಲ್ಲ ಹೊರಗಿಟ್ಟು ಗೂಗಲ್‌ಬಾಟನ್ನು ಮಾತ್ರ ಬಿಟ್ಟಿರುತ್ತವೆ. ಲಿಂಕ್ ಮಾರಲೆಂದೇ ಸೈಟುಗಳ ಜಾಲ ಕಟ್ಟಿದವರೂ ಇದನ್ನೇ ಮಾಡುತ್ತಾರೆ, ಯಾರೂ ಪತ್ತೆ ಹಚ್ಚದಿರಲಿ ಅಂತ. ಒಳ್ಳೆಯ ಲಿಂಕೂ ಕೆಟ್ಟ ಲಿಂಕೂ ಒಂದೇ ಕಾರಣಕ್ಕೆ ಮರೆಯಾಗೋದು ಈ ಕ್ಷೇತ್ರದ ತಮಾಷೆ.

ಎರಡನೇ ಪರೀಕ್ಷೆ ಇದರ ಉಲ್ಟಾ. ಪ್ರತಿ ಟೂಲಿನ ಪಟ್ಟಿಯಿಂದ 30 ಸಾಲು ಎತ್ತಿಕೊಳ್ಳಿ. ಮೇಲಿನ 30 ಅಲ್ಲ. ಟೂಲ್ ಗಟ್ಟಿ ಲಿಂಕ್‌ಗಳನ್ನು ಮೇಲೆ ಇಟ್ಟಿರುತ್ತದೆ, ತರಕಾರಿ ಅಂಗಡಿಯವರು ಕೆಂಪು ಟೊಮೆಟೊ ಮುಂದೆ ಜೋಡಿಸಿದ ಹಾಗೆ. ಸ್ಪ್ರೆಡ್‌ಶೀಟಿನಲ್ಲಿ ಒಂದು ರ‍್ಯಾಂಡಮ್ ಸಂಖ್ಯೆಯ ಕಾಲಂ ಹಾಕಿ, ಅದರ ಪ್ರಕಾರ ಜೋಡಿಸಿ, ಮೊದಲ 30 ತೆಗೆಯಿರಿ. ಒಂದೊಂದನ್ನೂ ಕೈಯಾರೆ ತೆರೆಯಿರಿ. ಪುಟ ತೆರೆಯುತ್ತದಾ? ಕಂಟ್ರೋಲ್ ಯು ಒತ್ತಿ ಸೋರ್ಸ್ ನೋಡಿ, ನಿಮ್ಮ ಡೊಮೈನ್ ಹೆಸರು ಹುಡುಕಿ. ಇದೆಯಾ? ಲಿಂಕಿನ ಒಳಗೆ ನೋಫಾಲೋ, ಸ್ಪಾನ್ಸರ್ಡ್ (ದುಡ್ಡು ಕೊಟ್ಟು ಹಾಕಿಸಿದ್ದು), ಯುಜಿಸಿ (ಓದುಗರು ಹಾಕಿದ್ದು) ಅಂತ ಏನಾದರೂ ಬರೆದಿದೆಯಾ? ಟೂಲ್ ಫಾಲೋ ಅಂತ ತೋರಿಸಿ ಪುಟದಲ್ಲಿ ನೋಫಾಲೋ ಇದ್ದರೆ, ಆ ಟೂಲ್ ಅಲ್ಲಿಗೆ ಹೋಗಿ ಬಹಳ ದಿನ ಆಗಿದೆ ಅಂತ ಅರ್ಥ. ಅಂದಹಾಗೆ 2005ರಲ್ಲಿ ಬಂದ ಈ ನೋಫಾಲೋ ಮೊದಲು ಕಟ್ಟುನಿಟ್ಟಿನ ಬಾಗಿಲಾಗಿತ್ತು. 2019ರಿಂದ ಗೂಗಲ್ ಅದನ್ನು ಬರೀ ಸುಳಿವು ಅಂತ ಪರಿಗಣಿಸುತ್ತದೆ. ಹಾಗಾಗಿ ನೋಫಾಲೋ ಎಂದರೆ ಸೊನ್ನೆ ಅಂತ ಬರೆದುಕೊಳ್ಳಬೇಡಿ.

ನಿಮ್ಮ 1,150ರ ಫೈಲಿನಲ್ಲಿ ನಾನೇ ಇದನ್ನು ಮಾಡಿ ನೋಡಿದೆ. 30ರಲ್ಲಿ 19 ಬದುಕಿವೆ. ಆರು ಪುಟ ತೆರೆಯಲಿಲ್ಲ. ಐದು ತೆರೆದವು, ಆದರೆ ಅವು ಎಲ್ಲಿಂದಲೋ ಫೋಟೋ ಕದ್ದು ಜೋಡಿಸುವ ವಾಲ್‌ಪೇಪರ್ ಸೈಟುಗಳು. ನಿಮ್ಮ ಕಾಫಿ ಹೂವಿನ ಚಿತ್ರ ಅಲ್ಲಿದೆ, ಕೆಳಗೆ ನಿಮ್ಮ ವಿಳಾಸ ಇದೆ, ಲಿಂಕ್ ಇಲ್ಲ. ಇಂಥವನ್ನು ಕೆಲವು ಟೂಲ್ ಕೆಂಪು ಅಕ್ಷರದಲ್ಲಿ 'ಟಾಕ್ಸಿಕ್' ಅಂತ ಹೆದರಿಸುತ್ತವೆ. ಅದು ಟೂಲಿನ ಸ್ವಂತ ಅಂದಾಜು, ಗೂಗಲ್‌ನ ಮಾತಲ್ಲ. ಬೇಡದ ಲಿಂಕನ್ನು ಎಣಿಸಬೇಡಿ ಅಂತ ಗೂಗಲ್‌ಗೆ ಹೇಳಲು 2012ರಲ್ಲಿ ಬಂದ ಡಿಸವೋ ಟೂಲ್ ಬಹುಪಾಲು ಸೈಟುಗಳಿಗೆ ಬೇಕಾಗಿಲ್ಲ ಅಂತ ಗೂಗಲ್ ತನ್ನ ಸಹಾಯ ಪುಟದಲ್ಲೇ ಬರೆದಿದೆ. ಸುಮ್ನೆ ಬಿಟ್ಟುಬಿಡಿ.

ಒಟ್ಟು ಎಷ್ಟಿರಬಹುದು ಅನ್ನೋ ಕುತೂಹಲ ಇದ್ದೇ ಇರುತ್ತದೆ. ಅದಕ್ಕೆ ನಾನು ಕಾಡಿನಿಂದ ಒಂದು ಲೆಕ್ಕ ತಂದುಕೊಂಡಿದ್ದೇನೆ. 1990ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಕ್ಯಾಮೆರಾ ಇಟ್ಟು, ಪಟ್ಟೆಗಳಿಂದ ಹುಲಿಗಳನ್ನು ಗುರುತು ಹಿಡಿದು, ಒಮ್ಮೆ ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆ ಅನ್ನೋದರಿಂದ ಒಟ್ಟು ಸಂಖ್ಯೆ ಅಂದಾಜು ಮಾಡಿದರು. ಇಲ್ಲೂ ಆ ಲೆಕ್ಕದ ಸರಳ ರೂಪ ಸಾಕು. ಒಂದು ಟೂಲಿನಲ್ಲಿ ನಿಮಗೆ 210 ಡೊಮೈನ್ ಸಿಕ್ಕಿವೆ. ಇನ್ನೊಂದರಲ್ಲಿ 180. ಎರಡರಲ್ಲೂ ಇರೋದು 120. 210ನ್ನು 180ರಿಂದ ಗುಣಿಸಿ 120ರಿಂದ ಭಾಗಿಸಿದರೆ 315. ಎರಡೂ ಪಟ್ಟಿ ಸೇರಿಸಿದರೆ 270 ಆಗುತ್ತದೆ. ಹಾಗಾದರೆ ಇಬ್ಬರಿಗೂ ಕಾಣದವು ಸುಮಾರು 45. ನಿಜವಾದ ಸಂಖ್ಯೆ ಇದಕ್ಕಿಂತ ಜಾಸ್ತಿಯೇ ಇರುತ್ತದೆ. ಯಾಕೆಂದರೆ ಈ ಸೂತ್ರ ನಡೆಯಬೇಕಾದರೆ ಎರಡು ಬಾಟ್‌ಗಳೂ ಒಂದಕ್ಕೊಂದು ಸಂಬಂಧ ಇಲ್ಲದೆ ತಿರುಗಾಡಬೇಕು. ಅವು ಹಾಗೆ ಮಾಡೋದಿಲ್ಲ. ಎರಡೂ ಮೊದಲು ಹೆದ್ದಾರಿ ಸೈಟುಗಳಿಗೇ ಹೋಗುತ್ತವೆ, ಕಾಲುದಾರಿಯ ಬ್ಲಾಗುಗಳು ಎರಡಕ್ಕೂ ತಪ್ಪುತ್ತವೆ. ಲೆಕ್ಕ ಹಾಕುವ ಮುಂಚೆ ಸತ್ತ ಲಿಂಕ್ ತೆಗೆದುಹಾಕಿ, ಇಲ್ಲದಿದ್ದರೆ ಸತ್ತ ಹುಲಿಯನ್ನೂ ಎಣಿಸಿದ ಹಾಗಾಗುತ್ತದೆ.

ತಾರೀಖಿನ ಕಾಲಂ ಬಗ್ಗೆ ಒಂದು ಎಚ್ಚರಿಕೆ. ಇದು ನಾನೇ ಬಿದ್ದ ಗುಂಡಿ. ಕೆಲವು ವರ್ಷದ ಹಿಂದೆ ಒಬ್ಬ ಗ್ರಾಹಕರಿಗೆ, ಈ ತಿಂಗಳು ನಾಲ್ಕು ನೂರು ಹೊಸ ಲಿಂಕ್ ಬಂದಿವೆ, ನಮ್ಮ ಕೆಲಸ ಫಲ ಕೊಟ್ಟಿದೆ ಅಂತ ವರದಿ ಕಳಿಸಿದೆ. ಅವರು ಒಂದು ಲಿಂಕ್ ತೆರೆದು, "ಇದು ನಮ್ಮ ಅಣ್ಣನ ಬ್ಲಾಗು, ನಿಲ್ಲಿಸಿ ಐದು ವರ್ಷ ಆಯ್ತು" ಅಂದರು. 'ಮೊದಲು ಕಂಡದ್ದು' ಅನ್ನೋ ತಾರೀಖು ಬಾಟ್ ಅಲ್ಲಿಗೆ ಹೋದ ದಿನ, ಲಿಂಕ್ ಹುಟ್ಟಿದ ದಿನ ಅಲ್ಲ. ಆ ತಿಂಗಳು ಟೂಲಿನವರು ತಮ್ಮ ದಾಸ್ತಾನು ದೊಡ್ಡದು ಮಾಡಿದ್ದರು. ಈಗ ಗ್ರಾಫ್ ದಿಢೀರ್ ಏರಿದರೆ ಮೊದಲು ಅದೇ ಊರಿನ ಇನ್ನೆರಡು ಸೈಟಿನ ಗ್ರಾಫ್ ನೋಡುತ್ತೇನೆ. ಎಲ್ಲರದ್ದೂ ಅದೇ ವಾರ ಏರಿದ್ದರೆ ಏರಿದ್ದು ಟೂಲು.

ಇನ್ನು ಡಿಆರ್. 12, 38 ಅನ್ನೋ ಈ ಅಂಕಿ ಅಹ್ರೆಫ್ಸ್‌ನ ಸ್ವಂತ ಅಳತೆ. ಮೋಜ್‌ನವರದ್ದು ಡಿಎ, ಮೆಜೆಸ್ಟಿಕ್‌ನದು ಟ್ರಸ್ಟ್ ಫ್ಲೋ. ಗೂಗಲ್ ಇವುಗಳಲ್ಲಿ ಯಾವುದನ್ನೂ ಬಳಸೋದಿಲ್ಲ. ಗೂಗಲ್‌ನ ಸ್ವಂತ ಪೇಜ್‌ರ‍್ಯಾಂಕ್ ಅಂಕಿ ಒಂದು ಕಾಲದಲ್ಲಿ ಬ್ರೌಸರಿನ ಟೂಲ್‌ಬಾರ್‌ನಲ್ಲಿ ಸೊನ್ನೆಯಿಂದ ಹತ್ತರವರೆಗೆ ಕಾಣುತ್ತಿತ್ತು. ಜನ ಅದನ್ನು ನೋಡಿಕೊಂಡೇ ಲಿಂಕ್ ವ್ಯಾಪಾರ ಮಾಡಿದರು. 2016ರಲ್ಲಿ ಗೂಗಲ್ ಅದನ್ನು ತೆಗೆದುಹಾಕಿತು. ವ್ಯಾಪಾರ ನಿಲ್ಲಲಿಲ್ಲ, ಬೋರ್ಡ್ ಬದಲಾಯಿತು. ಡಿಆರ್ ನೋಡೋದು ಎಷ್ಟು ಡೊಮೈನ್ ಲಿಂಕ್ ಕೊಟ್ಟಿವೆ, ಅವು ಎಷ್ಟು ಗಟ್ಟಿ, ಅವು ಇನ್ನೆಷ್ಟು ಜನರಿಗೆ ಲಿಂಕ್ ಹಂಚಿವೆ ಅನ್ನೋದನ್ನು. ನಿಮ್ಮ ವಿಷಯಕ್ಕೂ ಆ ಲಿಂಕಿಗೂ ಸಂಬಂಧ ಇದೆಯಾ ಅಂತ ಅದು ಕೇಳೋದಿಲ್ಲ. ಪಕ್ಕದ ಎಸ್ಟೇಟಿನವರ 38 ಹೇಗೆ ಬಂತು ಅಂತ ನೋಡಿದೆ. ಅವರ ಗಟ್ಟಿ ಲಿಂಕ್‌ಗಳೆಲ್ಲ ಒಂದು ಹಳೆಯ ಸಾಫ್ಟ್‌ವೇರ್ ಬ್ಲಾಗಿಗೆ ಕೊಟ್ಟವು. ಅವಧಿ ಮುಗಿದ ಆ ಡೊಮೈನ್ ಕೊಂಡು ತಮ್ಮ ಸೈಟಿಗೆ ತಿರುಗಿಸಿದ್ದಾರೆ. ಹೋಮ್‌ಸ್ಟೇಗೂ ಜಾವಾ ಪಾಠಕ್ಕೂ ಏನು ಸಂಬಂಧ? ಅವಧಿ ಮುಗಿದ ಡೊಮೈನ್‌ಗಳ ದುರ್ಬಳಕೆಯನ್ನು 2024ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲೇ ಹೆಸರಿಸಿ ಸೇರಿಸಿದೆ. ಆ 38ರ ಬಗ್ಗೆ ಹೊಟ್ಟೆ ಉರಿದುಕೊಳ್ಳಬೇಡಿ.

ಏಜೆನ್ಸಿಯವರ ಇನ್ನೂರು ಲಿಂಕಿಗೂ ಇದೇ ಮಾತು. ರ‍್ಯಾಂಕ್‌ಗಾಗಿ ಲಿಂಕ್ ಕೊಳ್ಳೋದು ಗೂಗಲ್ ನಿಯಮಕ್ಕೆ ವಿರುದ್ಧ. 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನೋ ಗೂಗಲ್‌ನ ಬದಲಾವಣೆ ಬಂದಾಗ ಇಂಥ ಲಿಂಕ್‌ಗೆ ಇಡೀ ಸೈಟು ಕೆಳಗೆ ಬೀಳುತ್ತಿತ್ತು. 2016ರಿಂದ ಹೆಚ್ಚಾಗಿ ಅಂಥ ಲಿಂಕನ್ನು ಲೆಕ್ಕಕ್ಕೇ ಹಿಡಿಯೋದಿಲ್ಲ. ಅಂದರೆ ಅದೃಷ್ಟ ಚೆನ್ನಾಗಿದ್ದರೆ ನಿಮ್ಮ ದುಡ್ಡು ಮಾತ್ರ ಹೋಗುತ್ತದೆ. ಆದರೂ ಖಾತ್ರಿ ಬೇಕಿದ್ದರೆ ಅವರನ್ನು ಒಂದೇ ಮಾತು ಕೇಳಿ: "ಯಾವ ಇನ್ನೂರು ಸೈಟು, ಪಟ್ಟಿ ಮೊದಲು ಕೊಡಿ." ಕೊಟ್ಟರೆ ಅದರಲ್ಲಿ ಹತ್ತನ್ನು ತೆರೆದು ನೋಡಿ. ಒಂದೇ ಪುಟದಲ್ಲಿ ಬೆಂಗಳೂರಿನ ಪ್ಯಾಕರ್ಸ್ ಅಂಡ್ ಮೂವರ್ಸ್, ಆನ್‌ಲೈನ್ ರಮ್ಮಿ, ಕೂದಲು ಕಸಿ ಮೂರೂ ಇದ್ದರೆ ನಾಲ್ಕನೆಯದು ನೀವು.

ಆ ದುಡ್ಡಿನ ಬದಲು ಎರಡು ಭಾನುವಾರ ಇಡಿ. ಹಿಸ್ಟಾರಿಕ್ ಪಟ್ಟಿ, ಅಂದರೆ ನಾನು ಮೇಲೆ ಬೈದ ಆ ಸತ್ತ ಲಿಂಕ್‌ಗಳ ದಾಸ್ತಾನು, ಈಗ ನಿಮಗೆ ಉಪಯೋಗಕ್ಕೆ ಬರುತ್ತದೆ. ಹುಡುಕುವಾಗ ನಿಮ್ಮ ಹೊಸ ಡೊಮೈನ್ ಹಾಕಬೇಡಿ, ಹಳೆಯ ಬ್ಲಾಗ್‌ಸ್ಪಾಟ್ ಡಾಟ್ ಇನ್ ವಿಳಾಸ ಹಾಕಿ. ನಾನು ಹಾಕಿ ನೋಡಿದಾಗ 34 ಡೊಮೈನ್ ಬಂದವು. ಅವುಗಳಲ್ಲಿ 11 ಇನ್ನೂ ನಡೆಯುತ್ತಿರುವ ಬ್ಲಾಗುಗಳು, ಎರಡು ಕನ್ನಡ ವಿಕಿಪೀಡಿಯ ಪುಟದ ಉಲ್ಲೇಖಗಳನ್ನು ನಕಲಿಸಿಕೊಂಡವು, ಒಂದು ಕಾಲೇಜಿನ ಕನ್ನಡ ವಿಭಾಗದ ಪುಟ. ಈ 11 ಜನರಿಗೂ ಕಾಲೇಜಿನವರಿಗೂ ಒಂದೊಂದು ಮೇಲ್ ಬರೆಯಿರಿ. ದೊಡ್ಡ ಪೀಠಿಕೆ ಬೇಡ. ಯಾವ ಪುಟದಲ್ಲಿ, ಯಾವ ಸಾಲಿನಲ್ಲಿ ಹಳೆಯ ವಿಳಾಸ ಇದೆ, ಹೊಸದು ಯಾವುದು, ಇಷ್ಟೇ ಸಾಕು. ಕಾಲೇಜಿನ ಪುಟದಲ್ಲಿ ಲಿಂಕ್ ಮೂರನೇ ಪ್ಯಾರಾದಲ್ಲಿದೆ, ನಿಮ್ಮ 2015ರ ಮಳೆಗಾಲದ ಅಡುಗೆಗಳ ಲೇಖನಕ್ಕೆ.